ಶುಗರ್ 6.2 ಬಂದಿದೆ: ವಾಕಿಂಗ್ ಸಾಕಾ, ಜಿಮ್ ಸೇರಬೇಕಾ? ಅನುಭವ ಹೇಳಿ

ಪ್ರಶ್ನೆ ಕೇಳಿದವರು, ಬೆಂಗಳೂರು: ನನಗೆ 42. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ರಕ್ತ ಪರೀಕ್ಷೆ) 6.2 ಬಂದಿದೆ. ಡಾಕ್ಟರು ಮಾತ್ರೆ ಕೊಟ್ಟಿಲ್ಲ, ಮೂರು ತಿಂಗಳು ನೋಡೋಣ ಅಂದಿದ್ದಾರೆ. ನನ್ನದು ನೈಟ್ ಶಿಫ್ಟ್, ಕೂತೇ ಕೆಲಸ. ವಾಕಿಂಗಾ, ಜಿಮ್ಮಾ? ಮಾಡಿ ನೋಡಿದವರು ಹೇಳಿ.

ಕುಕ್ಕರಹಳ್ಳಿ ವಾಕರ್: ಜಿಮ್ ಕಡೆ ತಲೆ ಹಾಕಬೇಡಿ ಸರ್. ವರ್ಷಕ್ಕೆ 18,000 ಒಟ್ಟಿಗೇ ಕಟ್ಟಿಸಿಕೊಂಡರು. ಟ್ರೇನರ್‌ಗೆ ತಿಂಗಳಿಗೆ 6,000 ಬೇರೆ. ಎರಡನೇ ತಿಂಗಳಲ್ಲೇ ಡೆಡ್‌ಲಿಫ್ಟ್ (ಬಗ್ಗಿ ನೆಲದಿಂದ ಭಾರ ಎತ್ತೋದು) ಮಾಡುವಾಗ ಸೊಂಟ ಹಿಡಿಯಿತು. ಬಗ್ಗೋಕೆ ಆಗದೆ, ಹತ್ತು ದಿನ ನನ್ನ ಮಗಳೇ ಚಪ್ಪಲಿ ಹಾಕಿದಳು. ಎಂಆರ್‌ಐಗೆ 7,500. ಫಿಸಿಯೋ 12 ಸಲ, ಸಲಕ್ಕೆ 500. ಉಳಿದ ದುಡ್ಡು ಕೇಳಿದರೆ ರಸೀದಿ ಹಿಂದೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿದ್ದ ಸಾಲು ತೋರಿಸಿದರು. ಈಗ ಬೆಳಗ್ಗೆ ಕಾಲು ಗಂಟೆ ಕಮ್ಮಿ ಆರಕ್ಕೆ ಕೆರೆ ಏರಿ ಮೇಲಿರುತ್ತೇನೆ. 6.4 ಇದ್ದದ್ದು 5.9 ಆಗಿದೆ. ಒಂದು ರೂಪಾಯಿ ಖರ್ಚಿಲ್ಲ.

ದಾವಣಗೆರೆ ಅಕ್ಕ: ನಿಮಗೆ ಆಗಲಿಲ್ಲ ಅಂತ ಎಲ್ಲರನ್ನೂ ಹೆದರಿಸಬೇಡಿ. ನಾನು ನಾಲ್ಕು ವರ್ಷ ಬರೀ ನಡೆದೆ, ಮಳೆಯಲ್ಲೂ ತಪ್ಪಿಸಲಿಲ್ಲ. 5.8 ಇದ್ದದ್ದು 6.3ಕ್ಕೆ ಏರಿತು. 49ಕ್ಕೆ ಜಿಮ್ ಸೇರಿದೆ. ಮೊದಲ ದಿನ ಕೈ ಊರದೆ ಕುರ್ಚಿಯಿಂದ ಐದು ಸಲ ಏಳೋಕೆ ಆಗಲಿಲ್ಲ, ತೊಡೆ ಗಡಗಡ ನಡುಗಿತು. ಮನೆಗೆ ಬಂದು ಅತ್ತಿದ್ದೇನೆ. ಈಗ ತುಂಬಿದ ಸಿಲಿಂಡರನ್ನು ನಾನೇ ಎತ್ತಿ ಒಳಗಿಡುತ್ತೇನೆ. ಊಟದ ಸಕ್ಕರೆಯನ್ನು ಜಾಸ್ತಿ ಹೀರೋದೇ ಸ್ನಾಯು. ಅದೇ ಕರಗಿದರೆ ನಡೆದು ಏನು ಬಂತು? ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕನಿಷ್ಠ 150 ನಿಮಿಷ ನಡಿಗೆಯಂಥ ವ್ಯಾಯಾಮದ ಜೊತೆ ಎರಡು ದಿನ ಸ್ನಾಯು ಬಲದ ವ್ಯಾಯಾಮವನ್ನೂ ಹೇಳಿದೆ. ನೀವು ಅರ್ಧ ಮಾತ್ರ ಹೇಳುತ್ತಿದ್ದೀರಿ.

ಕುಕ್ಕರಹಳ್ಳಿ ವಾಕರ್: ಸೊಂಟ ಹೋದವನ ನೋವು ನಿಮಗೆ ಗೊತ್ತಿಲ್ಲ ಮೇಡಂ.

ದಾವಣಗೆರೆ ಅಕ್ಕ: ತಪ್ಪು ಕಲಿಸಿದವರದು, ಭಾರದ್ದಲ್ಲ. ನನಗೆ ಮೊದಲ ತಿಂಗಳು ಬರೀ ಕೋಲು ಹಿಡಿದು ಬಗ್ಗೋದು ಕಲಿಸಿದರು.

ಮಂಡ್ಯದವನು: ಇಬ್ಬರೂ ಊಟದ ಮಾತೇ ಎತ್ತಲಿಲ್ಲ ಅಲ್ವಾ? ನಾನು ಅನ್ನ ಬಿಟ್ಟು ಎರಡು ಹೊತ್ತೂ ಮುದ್ದೆ ಹಿಡಿದೆ. ಮೂರು ತಿಂಗಳಾದ ಮೇಲೆ ಟೆಸ್ಟ್ ಮಾಡಿಸಿದರೆ 6.1 ಇದ್ದದ್ದು 6.4! ಮುದ್ದೆಯನ್ನು ತಕ್ಕಡಿಗೆ ಹಾಕಿ ನೋಡಿದೆ, ಒಂದೊಂದೂ 350 ಗ್ರಾಂ. ಈಗ ಅದರ ಅರ್ಧ, ಪಕ್ಕದಲ್ಲಿ ಹುರುಳಿಕಾಳು, ಸೊಪ್ಪು. ಊಟ ಆದ ತಕ್ಷಣ 15 ನಿಮಿಷ ಮನೆ ಮುಂದೆ ಓಡಾಟ. 5.8ಕ್ಕೆ ಇಳಿದಿದೆ.

ರಾಗಿ ಮನೆ: ಸುಮ್ನೆ ರಾಗಿ ಹೆಸರು ಕೆಡಿಸಬೇಡಿ. ನಮ್ಮಪ್ಪ 81 ವರ್ಷ ಮುದ್ದೆ ಉಂಡರು, ಶುಗರ್ ಇರಲಿಲ್ಲ.

ಮಂಡ್ಯದವನು: ನಿಮ್ಮಪ್ಪ ಉಂಡು ಗದ್ದೆಗೆ ಹೋಗುತ್ತಿದ್ದರು ಸ್ವಾಮಿ. ನಾನು ಉಂಡು ಕಂಪ್ಯೂಟರ್ ಮುಂದೆ ಕೂರುತ್ತೇನೆ. ರಾಗಿಯಲ್ಲೂ ಪಿಷ್ಟ ಇದೆ.

ಪ್ರಶ್ನೆ ಕೇಳಿದವರು: ನಾನು ಮನೆಗೆ ಬರೋದೇ ಬೆಳಗ್ಗೆ 7ಕ್ಕೆ. ಮಲಗೋಕೆ ಮುಂಚೆ ನಡೆಯೋದಾ, ಎದ್ದ ಮೇಲಾ? ನೈಟ್ ಶಿಫ್ಟ್‌ನವರು ಯಾರಾದರೂ ಇದ್ದೀರಾ?

ರಾಗಿ ಮನೆ: ಪಿಷ್ಟ ಅನ್ನದಲ್ಲಿ ಇಲ್ವಾ? ಮಿಲ್ಲಿನ ನುಣ್ಣನೆ ಹಿಟ್ಟು ತಂದು ರಾಗಿಯನ್ನು ಬೈಯಬೇಡಿ. ಬೀಸೋಕಲ್ಲಿನ ಹಿಟ್ಟಲ್ಲಿ ಮೂರು ತಿಂಗಳು ಉಂಡು ಆಮೇಲೆ ಬಂದು ಮಾತಾಡಿ.