ಹಳೇ ಕಾರಿನ ಕಂಪನಿ ಸ್ಟೀರಿಯೊ: ಡಿಸ್‌ಪ್ಲೇ ಬರುತ್ತದೆ, ಶಬ್ದ ಮಾತ್ರ ಇಲ್ಲ

ಹಳೇಗಾಡಿ_ಬೆಂಗಳೂರು:
ಎಲ್ಲರಿಗೂ ನಮಸ್ಕಾರ. 2009ರ ಹ್ಯಾಚ್‌ಬ್ಯಾಕ್, ಅಪ್ಪ ಓಡಿಸುತ್ತಿದ್ದ ಗಾಡಿ. ಕಾರಿನ ಜೊತೆಗೇ ಬಂದ ಸಿಡಿ-ಎಫ್‌ಎಂ ಸೆಟ್. ಹತ್ತು ದಿನದಿಂದ ನಾಲ್ಕೂ ಸ್ಪೀಕರ್ ಬಂದ್. ಗಡಿಯಾರ ಓಡುತ್ತದೆ, ಸಿಡಿ ತಿರುಗುತ್ತದೆ, ವಿವಿಧ ಭಾರತಿಯ 102.9 ಡಿಸ್‌ಪ್ಲೇಯಲ್ಲಿ ಕಾಣಿಸುತ್ತದೆ, ವಾಲ್ಯೂಮ್ ನಂಬರೂ ಏರುತ್ತದೆ. ಶಬ್ದ ಇಲ್ಲ. ಒಮ್ಮೊಮ್ಮೆ ಹಂಪ್ ಹತ್ತಿಳಿದಾಗ 'ಟಪ್' ಅಂತ ಶುರುವಾಗಿ ಎರಡು ನಿಮಿಷ ಹಾಡಿ ಮತ್ತೆ ನಿಲ್ಲುತ್ತದೆ. ಫ್ಯೂಸ್ ಸರಿ ಇದೆ. ಅಂಗಡಿಯೊಂದರಲ್ಲಿ ತೋರಿಸಿದೆ. ಸೆಟ್ ಬಿಚ್ಚಲೂ ಇಲ್ಲ, "ಐಸಿ (ಒಳಗಿನ ಚಿಪ್) ಹೋಗಿದೆ, ಟಚ್‌ಸ್ಕ್ರೀನ್ ಹಾಕಿಸಿ" ಎಂದರು. ನನಗೆ ಇದೇ ಸೆಟ್ ಬೇಕು. ಅಪ್ಪ ಸೇವ್ ಮಾಡಿಟ್ಟ ಸ್ಟೇಷನ್‌ಗಳು ಒಂದರಿಂದ ಆರರವರೆಗಿನ ಬಟನ್‌ಗಳಲ್ಲಿ ಇನ್ನೂ ಹಾಗೇ ಇವೆ. ಮಲ್ಟಿಮೀಟರ್ ಇದೆ, ಸೋಲ್ಡರ್ ಮಾಡಲು ಬರುತ್ತದೆ. ಎಲ್ಲಿಂದ ಶುರು ಮಾಡಲಿ?

ಬೆಸುಗೆ_ಕೈ:
ಸರ್, ಸೆಟ್ ಬದಲಿಸಬೇಡಿ. ನಾಲ್ಕು ಸ್ಪೀಕರ್ ಒಂದೇ ದಿನ ಕೆಡುವುದಿಲ್ಲ, ಹಾಗಾಗಿ ನಾಲ್ಕಕ್ಕೂ ಸೇರಿದ ಜಾಗ ಯಾವುದು ಅಂತ ಹುಡುಕಬೇಕು. ಹಂಪ್ ಹತ್ತಿದರೆ ಹಾಡುತ್ತದೆ ಎಂದಿರಲ್ಲ, ಅದು ಒಳ್ಳೆಯ ಸುದ್ದಿ. ಸತ್ತ ಐಸಿ ಹಂಪಿಗೆ ಎದ್ದು ಕೂರುವುದಿಲ್ಲ. ಒಂದೋ ಒಳಗೆ ಎಲ್ಲೋ ಬೆಸುಗೆ ಬಿಟ್ಟಿದೆ, ಇಲ್ಲಾ ಯಾವುದೋ ಸ್ಪೀಕರ್ ವೈರ್ ಕಾರಿನ ಲೋಹದ ಬಾಡಿಗೆ ತಾಗುತ್ತಿದೆ. ಕೆಲವು ಕಂಪನಿ ಸೆಟ್‌ಗಳಲ್ಲಿ ಒಂದೇ ಒಂದು ವೈರ್ ಬಾಡಿಗೆ ತಾಗಿದರೂ ನಾಲ್ಕೂ ಮ್ಯೂಟ್ ಆಗುತ್ತವೆ. ಆಂಪ್ (ಶಬ್ದ ಹೆಚ್ಚಿಸುವ ಆಂಪ್ಲಿಫೈಯರ್) ಸುಟ್ಟುಹೋಗದಿರಲಿ ಅಂತ ಮಾಡಿದ ವ್ಯವಸ್ಥೆ ಅದು.

ಬ್ಯಾಟರಿ ವೈರ್ ತೆಗೆಯುವ ಮುಂಚೆ ಎರಡು ಕೆಲಸ ಮಾಡಿ. ಸೆಟ್‌ಗೆ ಸೆಕ್ಯುರಿಟಿ ಕೋಡ್ ಇದೆಯಾ ನೋಡಿ. ಸಾಮಾನ್ಯವಾಗಿ ಕಾರಿನ ಪುಸ್ತಕದ ಜೊತೆ ಒಂದು ಸಣ್ಣ ಕಾರ್ಡ್ ಇರುತ್ತದೆ. ಕೋಡ್ ಇಲ್ಲದೆ ಕರೆಂಟ್ ತೆಗೆದರೆ ಸೆಟ್ ಲಾಕ್ ಆಗಿ ಕೂತುಬಿಡುತ್ತದೆ. ಆಮೇಲೆ ಆ ಆರು ಬಟನ್‌ಗಳನ್ನು ಒಂದೊಂದಾಗಿ ಒತ್ತಿ ನಂಬರ್ ಬರೆದಿಟ್ಟುಕೊಳ್ಳಿ, ಸುಮಾರು ಸೆಟ್‌ಗಳಲ್ಲಿ ಬ್ಯಾಟರಿ ತೆಗೆದರೆ ಅವೂ ಅಳಿಸಿಹೋಗುತ್ತವೆ.

ಈಗ ಬ್ಯಾಟರಿ ವೈರ್ ತೆಗೆದು, ಸೆಟ್ ಹೊರಗೆಳೆದು ಹಿಂದಿನ ಕಪ್ಲರ್ (ವೈರ್‌ಗಳು ಸೇರುವ ಪ್ಲಗ್) ಬಿಚ್ಚಿ. ವೈರ್ ಬಣ್ಣ ನೋಡಿ ಊಹಿಸಬೇಡಿ. ಹಳದಿ ಬ್ಯಾಟರಿಗೆ, ಕೆಂಪು ಕೀಗೆ ಅನ್ನುವುದು ಹೊರಗೆ ಸಿಗುವ ಸೆಟ್‌ಗಳ ಲೆಕ್ಕ, ಕಂಪನಿ ವೈರಿಂಗ್ ಅದನ್ನೇ ಪಾಲಿಸಬೇಕೆಂದಿಲ್ಲ. ನಿಮ್ಮ ಮಾಡೆಲ್‌ನ ಡಯಾಗ್ರಾಂ ಮುಂದಿಟ್ಟುಕೊಳ್ಳಿ. ಕಾರಿನ ಕಡೆಯ ಕಪ್ಲರ್‌ನಲ್ಲಿ ಪ್ರತಿ ಸ್ಪೀಕರ್ ಜೋಡಿಗೆ ಓಮ್ಸ್ ಹಿಡಿಯಿರಿ. 4 ಓಮ್ ಸ್ಪೀಕರ್ ಮೀಟರಿನಲ್ಲಿ 3ರಿಂದ 4ರ ನಡುವೆ ತೋರಿಸಿದರೆ ಸರಿ. ಆಮೇಲೆ ಮುಖ್ಯವಾದದ್ದು: ಎಂಟು ವೈರ್‌ಗಳನ್ನೂ ಒಂದೊಂದಾಗಿ ಕಾರಿನ ಬಾಡಿಗೆ ಹಿಡಿದು ನೋಡಿ. ಒಂದೂ ಬಾಡಿಗೆ ಸಂಪರ್ಕ ತೋರಿಸಬಾರದು. ಸ್ಪೀಕರಿನ ನೆಗೆಟಿವ್ ಅಂದ್ರೆ ಅರ್ಥ್ ಅಲ್ವಾ ಅಂದುಕೊಳ್ಳಬೇಡಿ. ಈ ಆಂಪ್‌ಗಳಲ್ಲಿ ಸೆಟ್ ಆನ್ ಇದ್ದಾಗ ಎರಡೂ ವೈರ್‌ಗಳಲ್ಲಿ ಸುಮಾರು 6 ವೋಲ್ಟ್ ಇರುತ್ತದೆ. ಯಾವುದನ್ನೂ ಬಾಡಿಗೆ ತಾಗಿಸುವ ಹಾಗಿಲ್ಲ.

ಎಸ್‌ಪಿರೋಡ್_ಓಡಾಟ:
ನನಗೆ ಬೆಸುಗೆಯ ಮೇಲೇ ಅನುಮಾನ. ಇಂಥ ಸೆಟ್‌ಗಳಲ್ಲಿ ಟಿಡಿಎ7388 ಅಥವಾ ಅದರ ಅಣ್ಣತಮ್ಮಂದಿರು ಇರುತ್ತವೆ, 25 ಕಾಲಿನ ಆಂಪ್ ಐಸಿ, ಬೆನ್ನಿಗೆ ಬಿಸಿ ಹೀರುವ ಹೀಟ್‌ಸಿಂಕ್. ಬಿಸಿಯಾಗಿ ತಣ್ಣಗಾಗಿ ವರ್ಷಾನುಗಟ್ಟಲೆ ಕಾಲಿನ ಸುತ್ತ ಕೂದಲೆಳೆಯಂಥ ಉಂಗುರ ಬಿರುಕು ಬಿಡುತ್ತದೆ. ಭೂತಗನ್ನಡಿ ಹಿಡಿದರೆ ಕಾಣುತ್ತದೆ. ಸೆಟ್ ಬಿಚ್ಚಿದ ಮೇಲೆ 22ನೇ ಕಾಲಿನ ವೋಲ್ಟೇಜ್ ನೋಡಿ, ಅದು ಮ್ಯೂಟ್. 7388ರಲ್ಲಿ ಅಲ್ಲಿ 3.5 ವೋಲ್ಟ್‌ಗಿಂತ ಮೇಲಿದ್ದರೆ ಹಾಡಬೇಕು.

ಬೆಸುಗೆ_ಕೈ:
ಅದೂ ಇರಬಹುದು ಸರ್, ಆದರೆ ಸೆಟ್ಟಿನ ಡಬ್ಬ ಬಿಚ್ಚುವ ಮುಂಚೆ ಇವರು ಒಂದು ಕೆಲಸ ಮಾಡಲಿ. ಎಲ್ಲಾ ಮೊದಲಿನ ಹಾಗೇ ಜೋಡಿಸಿ, ಹಾಡು ಹಾಕಿ, ಒಂದೊಂದೇ ಬಾಗಿಲನ್ನು ಪೂರ್ತಿ ತೆರೆದು ಮುಚ್ಚಿ ನೋಡಲಿ. ದಿನಾ ಜಾಸ್ತಿ ಮಡಚುವ ವೈರ್ ಬಾಗಿಲಿನ ಕೀಲಿನ ಹತ್ತಿರ ಇರುವುದು.

ಹಳೇಗಾಡಿ_ಬೆಂಗಳೂರು:
ಸಿಕ್ಕಿತು! ಮೊದಲು ಆರು ನಂಬರ್ ಬರೆದುಕೊಂಡೆ. ಕೋಡ್ ಕಾರ್ಡ್ ಅಪ್ಪನ ಇನ್ಶೂರೆನ್ಸ್ ಫೈಲಿನಲ್ಲಿತ್ತು.

ಮೂರು ಸ್ಪೀಕರ್ 3.6, 3.7, 3.6 ತೋರಿಸಿದವು, ಬಾಡಿಗೆ ಏನೂ ಇಲ್ಲ. ಮುಂದಿನ ಬಲಗಡೆಯದೂ ಜೋಡಿಯಾಗಿ ಹಿಡಿದರೆ 3.7, ಸರಿಯಾಗೇ ಇದೆ. ಆದರೆ ಅದರ ಒಂದು ವೈರ್ ಬಾಡಿಗೆ 0.4 ಓಮ್, ಇನ್ನೊಂದು 4.1. ಮೀಟರ್ ಹಿಡಿದುಕೊಂಡೇ ಡ್ರೈವರ್ ಬಾಗಿಲು ಪೂರ್ತಿ ತೆರೆದೆ. ಎರಡಕ್ಕೂ ಬಾಡಿಯ ಸಂಪರ್ಕವೇ ಇಲ್ಲ. ಮುಚ್ಚಿದರೆ ಮತ್ತೆ 0.4. ನಾಲ್ಕು ಸಲ ಮಾಡಿ ನೋಡಿದೆ, ನಾಲ್ಕು ಸಲವೂ ಅದೇ.

ಬಾಗಿಲಿಗೂ ಅದರ ಕೀಲು ಇರುವ ಕಂಬಕ್ಕೂ ನಡುವೆ ಸುಕ್ಕುಸುಕ್ಕಾದ ರಬ್ಬರ್ ಕೊಳವೆ ಇದೆಯಲ್ಲ, ಅದರ ಕಂಬದ ಕಡೆಯ ತುದಿ ತೂತಿನಿಂದ ಅರ್ಧ ಆಚೆ ಬಂದಿತ್ತು. ಹಿಂದಕ್ಕೆ ಸರಿಸಿದಾಗ ವೈರ್ ಕಂಡಿತು. ಪ್ಲಾಸ್ಟಿಕ್ ಹೊದಿಕೆ ಒಣಗಿದ ಹುಣಸೆ ಸಿಪ್ಪೆಯ ಹಾಗೆ ಬಿರಿದಿತ್ತು, ಒಳಗಿನ ತಾಮ್ರದ ಎಳೆಗಳಲ್ಲಿ ಅರ್ಧ ಹಸಿರುಗಟ್ಟಿದ್ದವು, ತೂತಿನ ಅಂಚಿಗೆ ಉಜ್ಜಿದ ಕಡೆ ಮಾತ್ರ ಹೊಸ ಕಾಸಿನಂತೆ ಹೊಳೆಯುತ್ತಿತ್ತು. ಈಗ ಸುಮ್ನೆ ಟೇಪ್ ಸುತ್ತಿದರೆ ಸಾಕಾ?

ಬೆಸುಗೆ_ಕೈ:
ಟೇಪ್ ಬೇಡ ಸರ್. ಬಿಸಿಲಿಗೆ ಅಂಟು ಬಿಟ್ಟು ಮುಂದಿನ ಬೇಸಿಗೆಗೆ ಮತ್ತೆ ಇದೇ ಕಥೆ. ಬ್ಯಾಟರಿ ತೆಗೆದು, ಹಸಿರುಗಟ್ಟಿದಷ್ಟನ್ನೂ ಕತ್ತರಿಸಿ, ತಾಮ್ರ ಕೆಂಪಗೆ ಕಾಣುವ ಕಡೆಯಿಂದ ಹೊಸ ತುಂಡು ಸೇರಿಸಿ. ತುಂಬಾ ಎಳೆಗಳ ಮೆತ್ತನೆಯ ವೈರ್ ತಗೊಳ್ಳಿ, ಗಟ್ಟಿ ವೈರ್ ಅಲ್ಲಿ ಮುರಿಯುತ್ತದೆ. ಸೋಲ್ಡರ್ ಹಾಕಿದ ಜಾಗ ಬಾಗುವುದಿಲ್ಲ, ಹಾಗಾಗಿ ಹೊಸ ತುಂಡು ಉದ್ದ ಇರಲಿ, ಒಂದು ಜಾಯಿಂಟ್ ಕಂಬದ ಒಳಗೆ, ಇನ್ನೊಂದು ಬಾಗಿಲಿನ ಒಳಗೆ ಬರಬೇಕು. ಕೊಳವೆಯ ಒಳಗೆ ಜಾಯಿಂಟ್ ಬೇಡವೇ ಬೇಡ. ಹೀಟ್‌ಶ್ರಿಂಕ್ ಸ್ಲೀವನ್ನು (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಕೊಳವೆ) ಬೆಸೆಯುವ ಮುಂಚೆಯೇ ವೈರಿಗೆ ತೂರಿಸಿಟ್ಟುಕೊಳ್ಳಿ. ಪಕ್ಕದ ಪವರ್ ವಿಂಡೋ ವೈರ್‌ಗಳನ್ನೂ ಬೆರಳಲ್ಲಿ ಬಾಗಿಸಿ ನೋಡಿ, ಅವಕ್ಕೂ ಅಷ್ಟೇ ವಯಸ್ಸು. ಕೊನೆಗೆ ರಬ್ಬರಿನ ತುಟಿ ತೂತಿನ ಸುತ್ತ ಪೂರ್ತಿ ಕೂರಬೇಕು, ಇಲ್ಲದಿದ್ದರೆ ಮಳೆ ನೀರು ಒಳಗಿಳಿಯುತ್ತದೆ.

ಹಳೇಗಾಡಿ_ಬೆಂಗಳೂರು:
ನೀವು ಹೇಳಿದ ಹಾಗೇ ಮಾಡಿದೆ. ಅರ್ಧ ಮೀಟರ್ ವೈರ್, ನಾಲ್ಕು ತುಂಡು ಸ್ಲೀವ್, ಒಂದು ಭಾನುವಾರದ ಮಧ್ಯಾಹ್ನ. ಪವರ್ ವಿಂಡೋದ ಒಂದು ವೈರೂ ಬಿರಿದಿತ್ತು, ಅದನ್ನೂ ಬದಲಿಸಿದೆ. ಬ್ಯಾಟರಿ ಹಾಕಿದಾಗ ಸೆಟ್ ಕೋಡ್ ಕೇಳಿತು, ಕೊಟ್ಟೆ. ಆರೂ ಬಟನ್ ಖಾಲಿಯಾಗಿದ್ದವು. ಚೀಟಿ ನೋಡಿಕೊಂಡು ಅಪ್ಪ ಇಟ್ಟಿದ್ದ ಕ್ರಮದಲ್ಲೇ ಮತ್ತೆ ತುಂಬಿಸಿದೆ, ಒಂದನೇದರಲ್ಲಿ 102.9. ಆಮೇಲೆ ಮನೆ ಮುಂದಿನ ಹಂಪ್ ಮೇಲೆ ಮೂರು ಸಲ ಹೋಗಿ ಬಂದೆ. ನಾಲ್ಕೂ ಸ್ಪೀಕರ್ ಹಾಡುತ್ತಿವೆ.