ಸಹಾಯ ಬೇಕು: ನನಗೆ ಹರ್ಪಿಸ್ ಟೈಪ್ 1, ಗಂಡನಿಗೆ ಟೈಪ್ 2

ಹೆಸರು ಹೇಳದೆ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ.

ನನಗೆ ಚಿಕ್ಕಂದಿನಿಂದ ತುಟಿಯ ಅಂಚಿನಲ್ಲಿ ಆಗಾಗ ನೀರುಗುಳ್ಳೆ ಏಳುತ್ತದೆ. ಅದು ಹರ್ಪಿಸ್ ಎಂಬ ವೈರಸ್ ಸೋಂಕಿನ ಟೈಪ್ 1. ಹೋದ ತಿಂಗಳು ಗಂಡನಿಗೆ ಗುಪ್ತಾಂಗದಲ್ಲಿ ಹುಣ್ಣಾಯಿತು. ಹುಣ್ಣಿನಿಂದ ಸ್ವ್ಯಾಬ್ ತೆಗೆದು ನೋಡಿದಾಗ ಟೈಪ್ 2 ಎಂದು ಬಂತು. ವರ್ಷಗಟ್ಟಲೆ ಸುಮ್ನೆ ಮೈಯಲ್ಲಿದ್ದು ಈಗ ಕಾಣಿಸಿರಬಹುದು ಎಂದರು ಡಾಕ್ಟರು. ಹಾಗಾಗಿ ಗಂಡನ ಮೇಲೆ ನನಗೆ ಅನುಮಾನವಿಲ್ಲ. ಆದರೆ ಭಯ ಇದೆ.

ಒಂದು ಟೈಪ್ ಇದ್ದರೆ ಇನ್ನೊಂದು ಬರುವುದಿಲ್ಲ ಅಂದುಕೊಂಡಿದ್ದೆ. ಅದು ತಪ್ಪಂತೆ. ಟೈಪ್ 1 ಇದ್ದವರಿಗೂ ಟೈಪ್ 2 ಅಂಟುತ್ತದೆ, ಮೊದಲ ಸಲದ ತೊಂದರೆ ಸ್ವಲ್ಪ ಕಡಿಮೆ ಇರಬಹುದು ಅಷ್ಟೇ. ನನ್ನ ಟೈಪ್ 1 ಕೂಡ ಬಾಯಿಯಿಂದ ಅವರ ಗುಪ್ತಾಂಗಕ್ಕೆ ಹೋಗಬಹುದು. ಹುಣ್ಣು ಕಾಣದ ದಿನಗಳಲ್ಲೂ ಹರಡುತ್ತದೆ ಎನ್ನುವುದೇ ನನ್ನನ್ನು ಜಾಸ್ತಿ ಕಾಡುತ್ತಿದೆ. ಕಾಂಡೋಮ್ ಅಪಾಯ ಕಡಿಮೆ ಮಾಡುತ್ತದೆ, ಆದರೆ ಎಲ್ಲ ಚರ್ಮವನ್ನೂ ಮುಚ್ಚುವುದಿಲ್ಲ ಅಲ್ವಾ?

ಗಂಡ ದಿನಕ್ಕೊಂದು 500 ಮಿಲಿಗ್ರಾಂ ವಾಲಾಸೈಕ್ಲೋವಿರ್ (ಈ ವೈರಸ್ ತಡೆಯುವ ಮಾತ್ರೆ) ತೆಗೆದುಕೊಂಡರೆ ಟೈಪ್ 2 ಹರಡುವ ಸಾಧ್ಯತೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದಂತೆ. ಇದನ್ನು ವರ್ಷಗಟ್ಟಲೆ ತೆಗೆದುಕೊಂಡವರು ಇಲ್ಲಿದ್ದೀರಾ? ಹೇಗಿತ್ತು?

ಮುಂದಿನ ವರ್ಷ ಮಗು ಬೇಕು ಅಂತ ಆಸೆ. ಬಸಿರಿನ ಕೊನೆಯ ತಿಂಗಳುಗಳಲ್ಲಿ ಹೊಸದಾಗಿ ಸೋಂಕು ತಗುಲಿದರೆ ಮಗುವಿಗೆ ಅಪಾಯ ಹೆಚ್ಚು ಎಂದು ಓದಿದಾಗಿನಿಂದ ನಿದ್ದೆ ಇಲ್ಲ. ನನಗೆ ಟೈಪ್ 2 ಈಗಾಗಲೇ ಇದೆಯೇ ಎಂದು ತಿಳಿಯಲು ರಕ್ತ ಪರೀಕ್ಷೆ ಮಾಡಿಸಲೇ? ಇದೇ ಪರಿಸ್ಥಿತಿಯಲ್ಲಿ ಬಸಿರಾದವರು ಡಾಕ್ಟರ ಹತ್ತಿರ ಏನೇನು ಕೇಳಿದಿರಿ, ದಯವಿಟ್ಟು ಹೇಳಿ.