ಪದಚರ್ಚೆ: ರೋಡಿಯೋದ ಹಿಂದೆ ದುಡಿದವರನ್ನು ಏನೆಂದು ಕರೆಯೋಣ?

ಎಲ್ಲರಿಗೂ ನಮಸ್ಕಾರ.

ನಮ್ಮ ಕನ್ನಡ ಕೂಟದ ಪತ್ರಿಕೆಗೆ ಒಂದು ಪುಟದ ಬರಹ ಕೊಡಬೇಕಿದೆ. ನಾನಿರುವುದು ಕೆನಡಾದ ಆಲ್ಬರ್ಟಾದಲ್ಲಿ. ಹತ್ತಿರದ ಒಂದು ಸಣ್ಣ ಊರಿನಲ್ಲಿ ಪ್ರತಿ ಬೇಸಿಗೆಗೆ ರೋಡಿಯೋ, ಅಂದರೆ ಗೂಳಿ, ಕುದುರೆ ಸವಾರಿಯ ಸ್ಪರ್ಧೆ, ನಡೆಯುತ್ತದೆ. ಅಲ್ಲಿ ವರ್ಷಗಟ್ಟಲೆ ಕಾಸು ಮುಟ್ಟದೆ ಕೆಲಸ ಮಾಡಿದ ಒಬ್ಬ ಹಿರಿಯ ರೈತರಿಗೆ ಈ ಸಲ ಗೌರವ ಸಂದಿತು. ಬರಹ ಅವರ ಬಗ್ಗೆ. ಆದರೆ ಕೆಲವು ಪದಗಳು ಕೈಕೊಡುತ್ತಿವೆ, ನಿಮ್ಮ ಸಹಾಯ ಬೇಕು.

ರೋಡಿಯೋ ಎಂಬುದನ್ನು ಹಾಗೇ ಬಿಡುತ್ತೇನೆ. ಸ್ಪ್ಯಾನಿಷ್‌ನಲ್ಲಿ ಅದಕ್ಕೆ ದನಗಳನ್ನು ಸುತ್ತುವರಿದು ಒಟ್ಟುಗೂಡಿಸುವುದು ಎಂಬ ಅರ್ಥವಿದೆ. ಗೂಳಿ ಕಾಳಗ ಅಂದರೆ ತಪ್ಪಾಗುತ್ತದೆ, ಇಲ್ಲಿ ಗೂಳಿಯನ್ನು ಯಾರೂ ಕೊಲ್ಲುವುದಿಲ್ಲ. ಕೊಸರಾಡುವ ಗೂಳಿಯ ಮೇಲೆ 8 ಸೆಕೆಂಡ್ ಕೂತರೆ ಮಾತ್ರ ಅಂಕ. ನೂರು ಅಂಕದಲ್ಲಿ ಅರ್ಧ ಸವಾರನಿಗೆ, ಅರ್ಧ ಗೂಳಿಗೆ! ಆಟದ ಜಾಗಕ್ಕೆ ನಮ್ಮ ಹೋರಿ ಹಬ್ಬದ 'ಅಖಾಡ', ದನ ಕೂಡುವ ಜಾಗಕ್ಕೆ 'ದೊಡ್ಡಿ'. ಇವೆರಡೂ ಸರಿಯಾಗಿ ಕೂತಿವೆ.

ಈ ಹಿರಿಯರ ಕೆಲಸ ಟ್ರ್ಯಾಕ್ಟರ್‌ನದು. ಅಖಾಡದಲ್ಲಿ ಮೂರು ಪೀಪಾಯಿ ಇಟ್ಟು ಹೆಂಗಸರು ಕುದುರೆ ಓಡಿಸುವ ಒಂದು ಸ್ಪರ್ಧೆ ಇದೆ. ಪೀಪಾಯಿ ಸುತ್ತಿ ವಾಪಸ್ ಬರಬೇಕು, ಸೆಕೆಂಡಿನ ನೂರನೇ ಒಂದು ಪಾಲಿನಲ್ಲಿ ಸೋಲು ಗೆಲುವು. ಹತ್ತು ಹನ್ನೆರಡು ಕುದುರೆ ತಿರುಗುವಷ್ಟರಲ್ಲಿ ಪೀಪಾಯಿಯ ಸುತ್ತ ಮಣ್ಣು ಕಿತ್ತು ಗುಂಡಿ ಬೀಳುತ್ತದೆ. ಆಮೇಲೆ ಬರುವ ಕುದುರೆಯ ಕಾಲು ಜಾರಿದರೆ ಸವಾರಳ ಗತಿ ಅಷ್ಟೇ. ಅದಕ್ಕೇ ನಡುವೆ ಆಟ ನಿಲ್ಲಿಸಿ, ಪೀಪಾಯಿ ಎತ್ತಿ, ಟ್ರ್ಯಾಕ್ಟರ್ ಹೊಡೆದು ನೆಲ ಸಮ ಮಾಡಿ, ಪೀಪಾಯಿಯನ್ನು ಗುರುತಿದ್ದ ಜಾಗಕ್ಕೇ ಇಡುತ್ತಾರೆ. ಎಲ್ಲಾ ಕಡೆ ಮಣ್ಣು ಒಂದೇ ಆಳಕ್ಕೆ ಸಡಿಲವಾಗಿರಬೇಕು. ಒಣಗಿದ್ದರೆ ಮೊದಲೇ ನೀರು ಹೊಡೆಯಬೇಕು, ಜಾಸ್ತಿ ಆದರೆ ಕೆಸರು. ಜನ ಆ ಹೊತ್ತಿಗೆ ತಿಂಡಿ ತರಲು ಎದ್ದು ಹೋಗಿರುತ್ತಾರೆ. ಇವರನ್ನು ಯಾರು ನೋಡುತ್ತಾರೆ?

ಇಲ್ಲಿ ಮೊದಲ ಪ್ರಶ್ನೆ. ಟ್ರ್ಯಾಕ್ಟರ್ ಹಿಂದೆ ಎಳೆಯುವ ಹಲ್ಲಿನ ಸಲಕರಣೆಗೆ 'ಕುಂಟೆ' ಅನ್ನಲೋ, 'ಹಲುಬೆ' ಅನ್ನಲೋ? ಕುಂಟೆ ಅಂದರೆ ನನಗೆ ಉದ್ದದ ಅಲಗು ಕಣ್ಣಿಗೆ ಬರುತ್ತದೆ. ಹಲ್ಲಿರುವುದರಿಂದ ಹಲುಬೆಯೇ ಸರಿ ಅನಿಸುತ್ತದೆ. ಉತ್ತರ ಕರ್ನಾಟಕದವರು ಅದನ್ನು ಒಪ್ಪುತ್ತೀರಾ?

ಎರಡನೆಯದು ಇನ್ನೂ ಕಷ್ಟ. 'ಸ್ವಯಂಸೇವಕ' ಅಂದರೆ ಸಮ್ಮೇಳನದಲ್ಲಿ ಬ್ಯಾಡ್ಜ್ ಸಿಕ್ಕಿಸಿಕೊಂಡು ಊಟದ ಸಾಲು ಸರಿ ಮಾಡುವ ಹುಡುಗರು ನೆನಪಾಗುತ್ತಾರೆ. 'ಕಾರ್ಯಕರ್ತ' ಅಂದರೆ ಯಾವ ಪಕ್ಷ ಅಂತ ಕೇಳುತ್ತಾರೆ. 'ಬಿಟ್ಟಿ ದುಡಿದವರು' ಅಂದರೆ ಬೈದ ಹಾಗೆ. 'ಎಲೆಮರೆ ಕಾಯಿ' ಸುಲಭಕ್ಕೆ ಸಿಗುತ್ತದೆ, ಆದರೆ ಅದು ಯಾರೂ ಗುರುತಿಸದ ಪ್ರತಿಭೆಗೆ ಹೇಳುವ ಮಾತು, ಅಲ್ವಾ? ಇವರು ಊರಿಗೆಲ್ಲ ಗೊತ್ತು, ಕಾಣದಿರುವುದು ಕೆಲಸ ಮಾತ್ರ. 'ಮುಂದಾಳು' ಇರುವಾಗ 'ಹಿಂದಾಳು' ಯಾಕಿರಬಾರದು ಅಂತ ಗೆಳೆಯನೊಬ್ಬ ಕೇಳಿದ. ನಗು ಬಂತು, ಬರೆಯುವ ಧೈರ್ಯ ಬರಲಿಲ್ಲ.

ನನ್ನ ಒಲವು 'ಓಡಾಡಿದವರು' ಕಡೆಗೆ. "ಮದುವೆಗೆಲ್ಲಾ ಓಡಾಡಿದ್ದು ನಮ್ಮ ಚಿಕ್ಕಪ್ಪನೇ" ಅನ್ನುತ್ತೇವಲ್ಲ, ಆ ಅರ್ಥದಲ್ಲಿ. ಅದರಲ್ಲಿ ಕೂಲಿಯ ಮಾತಿಲ್ಲ, ತನ್ನದೇ ಮನೆ ಕೆಲಸ ಅನ್ನುವ ಭಾವ ಇದೆ. ತೊಡಕೆಂದರೆ ಅದು ಕ್ರಿಯೆಯಾಗಿ ಚೆನ್ನಾಗಿದೆ, ತಲೆಬರಹದಲ್ಲಿ ಸಪ್ಪೆ. ದಕ್ಷಿಣ ಕನ್ನಡದವರನ್ನು ವಿಶೇಷವಾಗಿ ಕೇಳುತ್ತೇನೆ. ಕಂಬಳದಲ್ಲಿ ಕೋಣ ಹೊರಡುವ ಕಡೆಗೆ ಗಂತು, ಮುಟ್ಟುವ ಕಡೆಗೆ ಮಂಜೊಟ್ಟಿ ಅಂತ ಹೆಸರಿಟ್ಟವರು ನೀವು. ಕರೆಯ, ಅಂದರೆ ಕೋಣ ಓಡುವ ಗದ್ದೆಯ, ಮಣ್ಣು, ನೀರು ಹದ ಮಾಡುವವರಿಗೂ ಒಂದು ಹೆಸರು ಇದ್ದೇ ಇರಬೇಕು.

ಇನ್ನು 'ಸನ್ಮಾನ'. ಇದನ್ನೇ ಬರೆದರೆ ಓದುವವರು ಶಾಲು, ಹಾರ, ಮೈಸೂರು ಪೇಟ ಊಹಿಸಿಕೊಳ್ಳುತ್ತಾರೆ. ಇಲ್ಲಿ ಕೊಟ್ಟಿದ್ದು ಹೆಸರು ಕೆತ್ತಿಸಿದ ಬೆಲ್ಟಿನ ಬಕಲ್. ಅಂಗೈ ಅಗಲದ್ದು. ಗೆದ್ದ ಸವಾರರಿಗೆ ಕೊಡುವುದೂ ಅದನ್ನೇ, ಹಾಗಾಗಿ ಅದಕ್ಕೆ ಬೆಲೆ ಜಾಸ್ತಿ. ಮೈಕಿನಲ್ಲಿ ಎರಡು ಸಲ ಕರೆದರೂ ಇವರು ಬರಲಿಲ್ಲ, ಇಂಜಿನ್ ಸದ್ದಿನಲ್ಲಿ ಕೇಳಿಸಲೇ ಇಲ್ಲ. ಕೊನೆಗೆ ಯಾರೋ ಓಡಿಹೋಗಿ ಕೀಲಿ ತಿರುಗಿಸಿ ಇಳಿಸಿಕೊಂಡು ಬಂದರು. 'ಸನ್ಮಾನ' ಬೇಡವೆಂದರೆ 'ಬಕಲ್ ತೊಡಿಸಿ ಗೌರವಿಸಿದರು' ಅನ್ನಬಹುದೇ? ತೊಡಿಸಿರಲಿಲ್ಲ, ಕೈಗೆ ಕೊಟ್ಟರು. 'ಬಕಲ್ ಕೊಟ್ಟು' ಅಂದರೆ ತೀರಾ ಒಣಕಲು.

ಅಂದಹಾಗೆ ಇದು ಸಣ್ಣ ಊರಿನ ಚಾಳಿ ಮಾತ್ರ ಅಲ್ಲ. 1912ರಲ್ಲಿ ಶುರುವಾದ, ಇಲ್ಲಿನ ದೊಡ್ಡ ರೋಡಿಯೋ ಆದ ಕ್ಯಾಲ್ಗರಿ ಸ್ಟ್ಯಾಂಪೀಡ್ ನಡೆಯುವುದೂ 2,000ಕ್ಕೂ ಹೆಚ್ಚು ಇಂಥವರಿಂದಲೇ. ಹಾಗಾಗಿ ಪದ ಸಿಕ್ಕರೆ ನನಗೆ ಮತ್ತೆ ಮತ್ತೆ ಉಪಯೋಗಕ್ಕೆ ಬರುತ್ತದೆ.

ಪತ್ರಿಕೆ ತಿಂಗಳ ಕೊನೆಗೆ ಅಚ್ಚಿಗೆ ಹೋಗುತ್ತದೆ. ಹಲುಬೆಯ ವಿಷಯ ತಡವಾದರೂ ಪರವಾಗಿಲ್ಲ, ತಲೆಬರಹಕ್ಕೆ ಪದ ಮಾತ್ರ ಬೇಗ ಬೇಕು.